ಬೀಳುವ ಷೇರು, ಏರುವ ಲಾಭಾಂಶ

ಹಾಸನದ ಮಹಾರಾಜ ಪಾರ್ಕಿನಲ್ಲಿ ಸಾಯಂಕಾಲ ಕೂಡುವ ಮಹನೀಯರ ಮಾತುಕತೆಗೆ ಮಳೆ, ಆಲೂಗಡ್ಡೆಯ ಧಾರಣೆ, ಅಧಿಕಾರಿಗಳ ವರ್ಗಾವಣೆ, ಚುನಾವಣೆ ಇವೇ ಹಿಂದಿನಿಂದ ಬಂದ ವಿಷಯಗಳು. ಈಚಿನ ಕೆಲವು ವರ್ಷಗಳಿಂದ ಇವುಗಳ ಸಾಲಿಗೆ ಷೇರುಪೇಟೆಯೂ ಸೇರಿಕೊಂಡಿದೆ. ಹಾಸನದಲ್ಲಿ ಮಾತ್ರವಲ್ಲ, ಹೊಳೆನರಸೀಪುರದ ನಿವೃತ್ತ ಉಪಾಧ್ಯಾಯರೂ, ರಾಮನಾಥಪುರದ ಹರಾಜಿಗೆ ಹೊಗೆಸೊಪ್ಪನ್ನು ಒಯ್ಯುವ ಅರಕಲಗೂಡಿನ ಬೆಳೆಗಾರರೂ, ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯವರೂ ಫೋನನ್ನು ಕೈಯಲ್ಲಿ ಹಿಡಿದು ಬೊಂಬಾಯಿ ಪೇಟೆಯ ಏರಿಳಿತವನ್ನು ಗಳಿಗೆಗೊಮ್ಮೆ ನೋಡುವ ಕಾಲವಿದು. ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ದೇಶದ ರಸ್ತೆ, ಅಣೆಕಟ್ಟು, ಕಾರ್ಖಾನೆಗಳಿಗೆ ಬೇಕಾದ ಬಂಡವಾಳವು ಪರದೇಶದ ಸಾಲದಿಂದಲ್ಲದೆ ನಮ್ಮ ಊರುಗಳ ಉಳಿತಾಯದಿಂದಲೇ ಕೂಡಿಬರಬೇಕೆಂದು ಹಿರಿಯರು ಹಂಬಲಿಸಿದ್ದರು. ೧೯೧೩ರಲ್ಲಿ ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಮೈಸೂರು ಬ್ಯಾಂಕು ಹುಟ್ಟಿದ್ದೂ ಇಂತಹ ಹಂಬಲದಿಂದಲೇ. ಚಿಂತೆ ಇರುವುದು ಬೇರೆಡೆ.

ಈಚೆಗೆ ಅಂತಹ ಒಂದು ಚರ್ಚೆಯಲ್ಲಿ ನಾವೂ ಕುಳಿತಿದ್ದೆವು. ವಿಷಯವು ರಸ್ತೆ ಸೇತುವೆಗಳನ್ನು ಕಟ್ಟುವ ಒಂದು ಕಂಪೆನಿಯ ಷೇರು. ಅದರ ಹೆಸರು ಇಲ್ಲಿ ಅನಾವಶ್ಯಕ, ಅಂತಹವು ಹಲವಿವೆ. ಬೆಲೆಯು ಒಂದು ವರ್ಷದಲ್ಲಿ ಅರ್ಧಕ್ಕೆ ಇಳಿದಿದೆ, ಲಾಭಾಂಶ ಮಾತ್ರ ಹಿಂದಿನಂತೆಯೇ ಬರುತ್ತಿದೆ. ಮಂಡಿಯ ಯಜಮಾನರೊಬ್ಬರು, "ನೋಡಿ ಮೇಷ್ಟ್ರೇ, ನೂರು ರೂಪಾಯಿ ಇದ್ದಾಗ ಹತ್ತು ಕೊಡುತ್ತಿದ್ದರು. ಈಗ ಐವತ್ತಕ್ಕೇ ಸಿಗುತ್ತದೆ, ಕೊಡುವುದು ಅದೇ ಹತ್ತು. ಬ್ಯಾಂಕಿನವನು ನೂರಕ್ಕೆ ಏಳು ಕೊಡುವ ಕಡೆ ಇಲ್ಲಿ ಇಪ್ಪತ್ತು. ಇನ್ನಷ್ಟು ಕೊಳ್ಳುವುದು ಬಿಟ್ಟು ಯೋಚನೆ ಯಾತಕ್ಕೆ?" ಎಂದರು. ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತು ವರ್ಷ ಸೇವೆ ಮಾಡಿ ನಿವೃತ್ತರಾದ ಇಂಜಿನಿಯರೊಬ್ಬರು ತಲೆಯಲ್ಲಾಡಿಸಿ, "ಅದು ಇಪ್ಪತ್ತಲ್ಲ ಯಜಮಾನರೇ. ಮುಂದಿನ ವರ್ಷ ಆ ಹತ್ತು ಬರುವುದಿಲ್ಲವೆಂದು ಪೇಟೆಯವರು ಹೇಳುತ್ತಿರುವ ರೀತಿ ಅದು" ಎಂದು ಉತ್ತರವಿತ್ತರು. ಮೇಷ್ಟ್ರು ಬಹಳ ಹೊತ್ತು ಸುಮ್ಮನಿದ್ದರು. ನಿವೃತ್ತಿಯ ವೇಳೆಯಲ್ಲಿ ಬಂದ ಹಣದ ಮೂರರಲ್ಲೊಂದು ಭಾಗವನ್ನು ಅವರು ಈ ಒಂದೇ ಷೇರಿನಲ್ಲಿ ತೊಡಗಿಸಿದ್ದರೆಂಬುದು ಆಮೇಲೆ ತಿಳಿಯಿತು. "ಈಗ ಮಾರಿದರೆ ಅರ್ಧ ಹೋದದ್ದು ಖಾತ್ರಿಯಾಗುತ್ತದೆ. ಬಿಟ್ಟರೆ ಬಂದೀತೋ ಏನೋ. ನೀವೇನು ಹೇಳುತ್ತೀರಿ?" ಎಂದು ನಮ್ಮನ್ನು ಕೇಳಿದರು.

ಆ ಕಂಪೆನಿಯ ವಿಷಯವಾಗಿ ನಾವು ಹೇಳಬಲ್ಲುದೇನೂ ಇಲ್ಲ. ಆದರೆ ಪ್ರಶ್ನೆಯು ಆ ಮೇಷ್ಟ್ರೊಬ್ಬರದೇ ಅಲ್ಲದುದರಿಂದ ಅದನ್ನು ವಾಚಕರ ಮುಂದಿಟ್ಟು ವಿಚಾರಿಸುವುದು ನಮ್ಮ ಕರ್ತವ್ಯವೆಂದು ಬಗೆದಿದ್ದೇವೆ.

ಮೊದಲು ಲೆಕ್ಕ. ಇಪ್ಪತ್ತರ ಲಾಭಾಂಶವನ್ನು ಕಂಪೆನಿಯು ಔದಾರ್ಯದಿಂದ ಕೊಡಮಾಡಿದ್ದಲ್ಲ. ಹತ್ತನ್ನು ನೂರರಿಂದ ಭಾಗಿಸಿದಾಗ ಶೇಕಡಾ ಹತ್ತು, ಐವತ್ತರಿಂದ ಭಾಗಿಸಿದಾಗ ಇಪ್ಪತ್ತು, ಇಪ್ಪತ್ತೈದರಿಂದ ಭಾಗಿಸಿದಾಗ ನಲವತ್ತು. ಬೆಲೆ ಬಿದ್ದಷ್ಟೂ ಶೇಕಡಾವಾರು ಏರುತ್ತದೆ. ಕಂಪೆನಿ ಮುಳುಗುವ ಹಿಂದಿನ ದಿನ ಅದು ಅತ್ಯಂತ ಆಕರ್ಷಕವಾಗಿ ಕಾಣುತ್ತದೆ. ಮೇಲೆ ಇರುವ ಹತ್ತು ನಿನ್ನೆಯ ಸಂಗತಿ, ಕೆಳಗೆ ಇರುವ ಐವತ್ತು ಇಂದಿನ ಸಂಗತಿ. ನಿನ್ನೆಯದನ್ನು ಇಂದಿನದರಿಂದ ಭಾಗಿಸಿ ನಾಳೆಯ ಆದಾಯವೆಂದು ತಿಳಿಯುವುದು ಮಂಡಿಯ ಯಜಮಾನರು ತಮ್ಮ ತೆಂಗಿನ ವ್ಯಾಪಾರದಲ್ಲಿ ಎಂದಿಗೂ ಮಾಡದ ತಪ್ಪು.

ಪೇಟೆಯ ಅನುಮಾನ ಯಾವಾಗಲೂ ಸರಿಯೆಂದು ಇದರ ಅರ್ಥವಲ್ಲ. ಪೇಟೆಯೂ ಹೆದರುತ್ತದೆ, ವಿನಾಕಾರಣ ಓಡುತ್ತದೆ. ಹಾಗಾದರೆ ಸಕಾರಣವಾದ ಇಳಿತವನ್ನು ನಿಷ್ಕಾರಣವಾದ ಇಳಿತದಿಂದ ಬೇರ್ಪಡಿಸುವುದು ಹೇಗೆ? ಇದಕ್ಕೆ ಲಂಡನ್ನಿಗೂ ನ್ಯೂಯಾರ್ಕಿಗೂ ಹೋಗಬೇಕಾಗಿಲ್ಲ. ಹಾಸನದವರು ದಿನನಿತ್ಯ ತುಳಿಯುವ ಒಂದು ಹೆದ್ದಾರಿಯೇ ಸಾಕು.

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ, ಹಿಂದೆ ೪೮ನೆಯದೆಂದೂ ಈಗ ೭೫ನೆಯದೆಂದೂ ಹೆಸರಾದ ರಾಷ್ಟ್ರೀಯ ಹೆದ್ದಾರಿಯನ್ನು ನೋಡಿರಿ. ನೆಲಮಂಗಲದಿಂದ ದೇವಿಹಳ್ಳಿಯವರೆಗೆ ಸುಮಾರು ಎಂಬತ್ತು ಕಿಲೋಮೀಟರುಗಳನ್ನು ಹೈದರಾಬಾದಿನ ಲ್ಯಾಂಕೋ ಕಂಪೆನಿಯ ಅಂಗಸಂಸ್ಥೆಯೊಂದು ಚತುಷ್ಪಥವಾಗಿ ಮಾಡಿತು. ದೇವಿಹಳ್ಳಿಯಿಂದ ಚನ್ನರಾಯಪಟ್ಟಣದ ಮೇಲೆ ಹಾಸನದವರೆಗಿನ ಭಾಗ ಲಾರ್ಸೆನ್ ಅಂಡ್ ಟೂಬ್ರೊ ಕಂಪೆನಿಯದು. ಹಾಸನದಿಂದ ಸಕಲೇಶಪುರವನ್ನು ದಾಟಿ ಮಾರನಹಳ್ಳಿಯವರೆಗಿನ ಸುಮಾರು ನಲವತ್ತೈದು ಕಿಲೋಮೀಟರುಗಳ ಗುತ್ತಿಗೆ ಸ್ಪೇನ್ ದೇಶದ ಐಸೋಲಕ್ಸ್ ಕೊರ್ಸಾನ್ ಎಂಬ ಕಂಪೆನಿಗೆ ಹೋಯಿತು. ಒಂದೇ ರಸ್ತೆ, ಒಂದೇ ಪ್ರಾಧಿಕಾರ, ಓಡಾಡುವವೂ ಅವೇ ಬಸ್ಸು ಲಾರಿಗಳು. ಕಟ್ಟಿದ ಮೂವರ ಗತಿ ಮಾತ್ರ ಮೂರು ಬಗೆಯಾಯಿತು.

ಲ್ಯಾಂಕೋ ಇನ್‌ಫ್ರಾಟೆಕ್ ೨೦೦೬ರ ನವೆಂಬರಿನಲ್ಲಿ ಹತ್ತು ರೂಪಾಯಿ ಮುಖಬೆಲೆಯ ಷೇರನ್ನು ೨೪೦ ರೂಪಾಯಿಗೆ ಜನರಿಗೆ ಮಾರಿತು. ಆ ಕಾಲದಲ್ಲಿ ರಸ್ತೆ, ವಿದ್ಯುತ್ತು ಎಂದರೆ ದೇಶದ ಭವಿಷ್ಯವೇ ಎಂಬ ಉತ್ಸಾಹವಿದ್ದಿತು. ಕೊಂಡವರಲ್ಲಿ ದೇಶಾಭಿಮಾನಿಗಳೂ ಇದ್ದರು, ಬೇಗ ದುಡ್ಡು ಮಾಡಬೇಕೆಂಬವರೂ ಇದ್ದರು. ಕಂಪೆನಿಯು ಸಾಲದ ಮೇಲೆ ಸಾಲ ಮಾಡಿ ಉಡುಪಿಯ ವಿದ್ಯುತ್ ಸ್ಥಾವರವನ್ನು ಕಟ್ಟಿತು. ೨೦೧೧ರಲ್ಲಿ ಆಸ್ಟ್ರೇಲಿಯಾದ ಕಲ್ಲಿದ್ದಲ ಗಣಿಯನ್ನೂ ಕೊಂಡಿತು. ಕೊನೆಗೆ ಉಡುಪಿಯ ಸ್ಥಾವರವನ್ನು ೨೦೧೫ರಲ್ಲಿ ಅದಾನಿಯವರಿಗೆ ಮಾರಿದರೂ ಸಾಲ ತೀರಲಿಲ್ಲ. ರಿಜರ್ವ್ ಬ್ಯಾಂಕು ೨೦೧೭ರಲ್ಲಿ ದಿವಾಳಿ ಕಾಯಿದೆಯ ಮುಂದೆ ಒಯ್ಯಲು ಹೇಳಿದ ಮೊದಲ ಹನ್ನೆರಡು ದೊಡ್ಡ ಸಾಲಗಾರರಲ್ಲಿ ಲ್ಯಾಂಕೋ ಒಂದು. ಅದೇ ಆಗಸ್ಟಿನಲ್ಲಿ ಪ್ರಕರಣ ನ್ಯಾಯಮಂಡಳಿಗೆ ಬಂದಿತು. ಮರುವರ್ಷದ ಆಗಸ್ಟಿನಲ್ಲಿ ಕಂಪೆನಿಯನ್ನು ಮುಚ್ಚಿ ಆಸ್ತಿಗಳನ್ನು ಮಾರಬೇಕೆಂಬ ಆಜ್ಞೆಯಾಯಿತು. ಹತ್ತಾಗಿ ಸೀಳಿದ್ದ ಆ ಷೇರಿಗೆ, ಎಂದರೆ ಮೂಲದಲ್ಲಿ ೨೪ ರೂಪಾಯಿ ಕೊಟ್ಟದ್ದಕ್ಕೆ, ಕೊನೆಯ ದಿನಗಳಲ್ಲಿ ಒಂದು ರೂಪಾಯಿಯೂ ಬರುತ್ತಿರಲಿಲ್ಲ. ಗಮನಿಸತಕ್ಕ ಸಂಗತಿಯೊಂದಿದೆ: ಕಂಪೆನಿ ಮುಳುಗಿತು, ರಸ್ತೆ ಮುಳುಗಲಿಲ್ಲ. ನೆಲಮಂಗಲದಾಚೆ ಸುಂಕ ತೆತ್ತು ನಾವೆಲ್ಲ ಓಡಾಡುತ್ತಲೇ ಇದ್ದೆವು. "ಕಣ್ಣೆದುರಿಗೆ ರಸ್ತೆ ಇದೆ, ವಾಹನ ಓಡುತ್ತಿದೆ, ಷೇರಿಗೆ ಏನಾದೀತು" ಎಂಬ ಧೈರ್ಯ ಎಷ್ಟು ಪೊಳ್ಳೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ರಸ್ತೆಯ ಮೇಲಿನ ಮೊದಲ ಹಕ್ಕು ಸಾಲ ಕೊಟ್ಟವನದು. ಪಾಲುಗಾರನ ಸರದಿ ಎಲ್ಲರ ಹಿಂದೆ.

ಸ್ಪೇನಿನ ಕಂಪೆನಿಯ ಕಥೆ ಇನ್ನೂ ಚಿಕ್ಕದು. ೨೦೧೭ರ ಜುಲೈಯಲ್ಲಿ ಅದು ತನ್ನ ದೇಶದಲ್ಲಿಯೇ ದಿವಾಳಿ ಅರ್ಜಿ ಹಾಕಿತು. ಇತ್ತ ಹಾಸನ ಸಕಲೇಶಪುರಗಳ ನಡುವೆ ಅಗೆದ ಮಣ್ಣು ಅಗೆದಂತೆಯೇ ಉಳಿಯಿತು, ಕೆಲಸ ಬೇರೆಯವರ ಕೈಸೇರಿತು. ಮಳೆಗಾಲದಲ್ಲಿ ಆ ದಾರಿಯಾಗಿ ಹೋದವರಿಗೆ ನಾವು ವಿವರಿಸಬೇಕಾಗಿಲ್ಲ. ಮ್ಯಾಡ್ರಿಡ್ಡಿನ ಒಂದು ಕಚೇರಿಯ ಲೆಕ್ಕಪುಸ್ತಕದ ದೋಷ ಸಕಲೇಶಪುರದ ಕಾಫಿ ಬೆಳೆಗಾರನ ಲಾರಿಯ ಅಚ್ಚನ್ನು ಮುರಿಯಿತೆಂದರೆ ಅತಿಶಯೋಕ್ತಿಯಲ್ಲ. ಮಧ್ಯದ ಭಾಗವನ್ನು ಕಟ್ಟಿದ ಲಾರ್ಸೆನ್ ಕಂಪೆನಿ ಮಾತ್ರ ನೆಟ್ಟಗೆ ನಿಂತಿತು. ಅದರ ಕಾರಣಕ್ಕೆ ಮುಂದೆ ಬರುತ್ತೇವೆ.

ಕಟ್ಟಡದ ಕಂಪೆನಿಗಳು ಇತರ ಉದ್ಯಮಗಳಿಗಿಂತ ಹೆಚ್ಚಾಗಿ ಹೀಗೇಕೆ ಕುಸಿಯುತ್ತವೆ? ಇದಕ್ಕೆ ಉತ್ತರವನ್ನು ನಮ್ಮ ಜಿಲ್ಲೆಯ ಅಧಿಕಾರಿಗಳೂ ಗುತ್ತಿಗೆದಾರರೂ ಯಾವ ಅರ್ಥಶಾಸ್ತ್ರಜ್ಞನಿಗಿಂತಲೂ ಚೆನ್ನಾಗಿ ಬಲ್ಲರು. ಅರಕಲಗೂಡಿನಲ್ಲಿ ಒಂದು ನಾಲೆಯ ಕಾಮಗಾರಿ ಹಿಡಿದ ಗುತ್ತಿಗೆದಾರನನ್ನು ಊಹಿಸಿಕೊಳ್ಳಿರಿ. ಟೆಂಡರಿನಲ್ಲಿ ಕೆಲಸ ಸಿಗಬೇಕಾದರೆ ಎಲ್ಲರಿಗಿಂತ ಕಡಿಮೆ ಬರೆಯಬೇಕು. ಕೆಲಸ ಸಿಕ್ಕ ಮೇಲೆ ಜಲ್ಲಿ, ಸಿಮೆಂಟು, ಕಬ್ಬಿಣ, ಕೂಲಿ ಇವಕ್ಕೆ ಇಂದೇ ದುಡ್ಡು. ಅಳತೆ ಪುಸ್ತಕದಲ್ಲಿ ಇಂಜಿನಿಯರು ಅಳೆದು ಬರೆದ ಮೇಲೆ ಬಿಲ್ಲು. ಬಿಲ್ಲು ಪಾಸಾದ ಮೇಲೆ ಹಣ. ನಡುವೆ ಆರು ತಿಂಗಳಾಗಬಹುದು, ಎರಡು ವರ್ಷವೂ ಆಗಬಹುದು. ರಾಜ್ಯದ ಗುತ್ತಿಗೆದಾರರ ಸಂಘದವರು ಬಾಕಿ ಬಿಲ್ಲುಗಳ ವಿಷಯವಾಗಿ ಎಷ್ಟು ಸಲ ಸರ್ಕಾರಕ್ಕೆ ಮೊರೆಯಿಟ್ಟಿದ್ದಾರೆಂಬುದು ಪತ್ರಿಕೆ ಓದುವವರಿಗೆ ಗೊತ್ತು. ಈ ಗುತ್ತಿಗೆದಾರನು ಮನೆಯಲ್ಲಿ ಹೆಂಡತಿಗೆ "ಈ ವರ್ಷ ಇಪ್ಪತ್ತು ಲಕ್ಷ ಲಾಭ" ಎಂದು ಹೇಳಿದರೆ ಅದು ಸುಳ್ಳಲ್ಲ. ಆದರೆ ಆ ಲಾಭ ಕಾಗದದ ಮೇಲಿದೆ, ಪೆಟ್ಟಿಗೆಯಲ್ಲಿಲ್ಲ. ಅದನ್ನು ನಂಬಿ ಅವನು ಮಗಳ ಮದುವೆಗೆ ಸಾಲ ತೆಗೆದರೆ?

ದೊಡ್ಡ ಕಂಪೆನಿ ಮಾಡುವುದೂ ಇದನ್ನೇ. ಕೆಲಸವು ಶೇಕಡಾ ನಲವತ್ತರಷ್ಟು ಮುಗಿದಿದೆಯೆಂದು ಲೆಕ್ಕ ಹಾಕಿ, ಒಟ್ಟು ನಿರೀಕ್ಷಿತ ಲಾಭದಲ್ಲಿ ನಲವತ್ತು ಭಾಗವನ್ನು ಈ ವರ್ಷದ ಲಾಭವೆಂದು ಬರೆದುಕೊಳ್ಳುತ್ತದೆ. ಕಾಯಿದೆಯಲ್ಲಿ ಇದಕ್ಕೆ ಅಡ್ಡಿಯಿಲ್ಲ. ಆದರೆ ಒಟ್ಟು ಲಾಭವೆಂಬುದು ಅಂದಾಜು, ಅಂದಾಜುಗಳ ಯೋಗ್ಯತೆ ಹಾಸನ ಜಿಲ್ಲೆಗೆ ಹೊಸದಲ್ಲ. ಸಕಲೇಶಪುರದ ಬೆಟ್ಟಗಳ ಎತ್ತಿನಹೊಳೆ ಯೋಜನೆಗೆ ೨೦೧೨ರಲ್ಲಿ ಸುಮಾರು ೮,೩೨೩ ಕೋಟಿ ರೂಪಾಯಿ ಎಂದರು. ೨೦೧೪ರಲ್ಲಿ ೧೨,೯೧೨ ಕೋಟಿಯಾಯಿತು. ೨೦೨೩ರಲ್ಲಿ ೨೩,೨೫೧ ಕೋಟಿಗೆ ಏರಿತು. ಸರ್ಕಾರವಾದರೆ ಬಜೆಟ್ಟಿನಲ್ಲಿ ಇನ್ನೊಂದು ಕಂತು ಬರೆದು ಮುಂದೆ ಸಾಗುತ್ತದೆ. ನಿಗದಿ ಬೆಲೆಗೆ ಕೆಲಸ ಒಪ್ಪಿದ ಕಂಪೆನಿಯ ಅಂದಾಜು ಹೀಗೆ ತಪ್ಪಿದರೆ, ಮೂರು ನಾಲ್ಕು ವರ್ಷ ಲಾಭವೆಂದು ಬರೆದುಕೊಂಡದ್ದೆಲ್ಲ ಒಂದೇ ದಿನ ನಷ್ಟವಾಗಿ ತಿರುಗುತ್ತದೆ. ಆ ನಡುವೆ ಹಂಚಿದ ಲಾಭಾಂಶ ಎಲ್ಲಿಂದ ಬಂದಿತ್ತು? ಬ್ಯಾಂಕಿನ ಸಾಲದಿಂದ.

ಇಂಗ್ಲೆಂಡಿನ ಕ್ಯಾರಿಲಿಯನ್ ಎಂಬ ಕಂಪೆನಿಯ ಪ್ರಕರಣವನ್ನು ಮಂಡಿಯ ಯಜಮಾನರಂತೆ ಯೋಚಿಸುವ ಪ್ರತಿಯೊಬ್ಬರೂ ತಿಳಿಯಬೇಕು. ೧೯೯೯ರಲ್ಲಿ ಹುಟ್ಟಿ, ಆಸ್ಪತ್ರೆ, ಶಾಲೆ, ರೈಲು, ಸೆರೆಮನೆಗಳ ಸರ್ಕಾರಿ ಗುತ್ತಿಗೆಗಳಿಂದ ಆ ದೇಶದ ಎರಡನೆಯ ಅತಿ ದೊಡ್ಡ ಕಟ್ಟಡದ ಕಂಪೆನಿಯಾಗಿ ಬೆಳೆದದ್ದು ಅದು. ವರ್ಷ ತಪ್ಪದೆ ಲಾಭಾಂಶವನ್ನು ಏರಿಸುತ್ತಲೇ ಹೋಯಿತು. ೨೦೧೬ರ ಸಾಲಿಗೆ ೭೯ ದಶಲಕ್ಷ ಪೌಂಡುಗಳನ್ನು ಹಂಚಿತು. ಅದೇ ವೇಳೆ ತನ್ನ ಕೆಳಗಿನ ಸಣ್ಣ ಗುತ್ತಿಗೆದಾರರಿಗೆ ಹಣ ಕೊಡಲು ೧೨೦ ದಿನ ಕಾಯಿಸುತ್ತಿದ್ದಿತು. ಷೇರಿನ ಬೆಲೆ ಇಳಿಯುತ್ತಿರುವಾಗ ಅಲ್ಲಿನ ಸಣ್ಣ ಹೂಡಿಕೆದಾರರೂ ನಮ್ಮ ಪಾರ್ಕಿನಲ್ಲಿ ನಡೆದಂತಹ ಚರ್ಚೆಯನ್ನೇ ನಡೆಸಿದರು. ಸರ್ಕಾರವೇ ಗಿರಾಕಿಯಾಗಿರುವಾಗ ಭಯವೇಕೆಂದು ಕೆಲವರು, ಸಾಲ ಏಕೆ ಬೆಳೆಯುತ್ತಿದೆಯೆಂದು ಕೆಲವರು. ೨೦೧೭ರ ಜುಲೈ ೧೦ರಂದು, ಗುತ್ತಿಗೆಗಳಲ್ಲಿ ಲಾಭವೆಂದು ಬರೆದಿದ್ದ ಹಣದಲ್ಲಿ ೮೪೫ ದಶಲಕ್ಷ ಪೌಂಡು ಇಲ್ಲವೇ ಇಲ್ಲವೆಂದು ಕಂಪೆನಿ ಒಪ್ಪಿಕೊಂಡಿತು. ಮೂರು ದಿನಗಳಲ್ಲಿ ಬೆಲೆ ಶೇಕಡಾ ಎಪ್ಪತ್ತರಷ್ಟು ಬಿದ್ದಿತು. ಆಗಲೂ "ಇನ್ನು ಬೀಳಲು ಏನುಳಿದಿದೆ" ಎಂದು ಕೊಂಡವರಿದ್ದರು. ೨೦೧೮ರ ಜನವರಿ ೧೫ರಂದು ಕಂಪೆನಿ ಮುಚ್ಚಿದಾಗ ಕೈಯಲ್ಲಿದ್ದ ನಗದು ೨೯ ದಶಲಕ್ಷ ಪೌಂಡು, ತೀರಿಸಬೇಕಾದ್ದು ಸುಮಾರು ಏಳು ನೂರು ಕೋಟಿ ಪೌಂಡು. ಪಾಲುಗಾರರಿಗೆ ಬಿಡಿಗಾಸೂ ಬರಲಿಲ್ಲ. ಅರ್ಧ ಕಟ್ಟಿದ ಆಸ್ಪತ್ರೆಗಳು ವರ್ಷಗಟ್ಟಲೆ ಹಾಗೆಯೇ ನಿಂತವು.

ಸಾಲ ಬೆಳೆಯುತ್ತಿರುವಾಗ ಲಾಭಾಂಶವೂ ಬೆಳೆಯುತ್ತಿದ್ದರೆ ಅದು ಲಾಭಾಂಶವಲ್ಲ. ನಮ್ಮ ಇಂಜಿನಿಯರ ಸಂದೇಹಕ್ಕೆ ಆಧಾರ ಇದೇ. ಷೇರು ಕೊಂಡವನು ವಾರ್ಷಿಕ ವರದಿಯಲ್ಲಿ ಲಾಭದ ಪುಟವನ್ನು ಬಿಟ್ಟರೂ ಬಿಡಲಿ, ನಗದು ಹರಿವಿನ ಪುಟವನ್ನು ಬಿಡಕೂಡದು. ಕೆಲಸದಿಂದ ಬಂದ ನಗದು ಎಷ್ಟು, ಹಂಚಿದ ನಗದು ಎಷ್ಟು, ಸಾಲ ಕಳೆದ ವರ್ಷಕ್ಕಿಂತ ಹೆಚ್ಚಿತೋ ತಗ್ಗಿತೋ, ಬಾಕಿ ಬಿಲ್ಲು ಎಷ್ಟು ತಿಂಗಳಿನದು: ಬಿಲ್ಲು ಪಾಸು ಮಾಡಿ ಪಳಗಿದ ನಮ್ಮ ಅಧಿಕಾರಿವರ್ಗಕ್ಕೆ ಇಷ್ಟನ್ನು ನೋಡುವುದು ಕಷ್ಟವೇ? ಸರ್ಕಾರದ ಒಂದು ರೂಪಾಯಿಯ ವೆಚ್ಚಕ್ಕೆ ನಾಲ್ಕು ಸಹಿ ಕೇಳುವವರು ತಮ್ಮ ಗ್ರಾಚ್ಯುಯಿಟಿಯ ಹಣವನ್ನು ಫೋನಿನಲ್ಲಿ ಬಂದ ಯಾರದೋ ಸಂದೇಶ ನಂಬಿ ತೊಡಗಿಸುವುದನ್ನು ಕಂಡು ನಮಗೆ ಆಶ್ಚರ್ಯವಾಗುತ್ತದೆ.

ಹೀಗೆಂದು ಬಿದ್ದ ಷೇರೆಲ್ಲ ಮುಳುಗುವ ಷೇರೆಂದು ಸಾರಿದರೆ ನಾವೂ ಸತ್ಯಕ್ಕೆ ದೂರವಾದೇವು. ಐ.ಆರ್.ಬಿ. ಇನ್ವಿಟ್ ಫಂಡ್ ಎಂಬ ರಸ್ತೆಗಳ ನ್ಯಾಸವು ೨೦೧೭ರ ಮೇ ತಿಂಗಳಿನಲ್ಲಿ ಪೇಟೆಗೆ ಬಂದಿತು. ರಸ್ತೆ ಕಟ್ಟಿದ ಕಂಪೆನಿಯು ತಾನು ಕಟ್ಟಿ ಮುಗಿಸಿದ ರಸ್ತೆಗಳ ಸುಂಕದ ಹಕ್ಕನ್ನು ಒಂದು ನ್ಯಾಸಕ್ಕೆ ವರ್ಗಾಯಿಸಿ, ಅದರ ಪಾಲುಗಳನ್ನು ಜನರಿಗೆ ಮಾರುವ ಪದ್ಧತಿ ಇದು. ಸೆಬಿಯವರು ೨೦೧೪ರಲ್ಲಿ ಇದಕ್ಕೆ ನಿಯಮ ಮಾಡಿ, ಹಂಚಬಹುದಾದ ನಗದಿನಲ್ಲಿ ಶೇಕಡಾ ತೊಂಬತ್ತಕ್ಕೆ ಕಡಿಮೆಯಿಲ್ಲದಂತೆ ಪಾಲುಗಾರರಿಗೆ ಹಂಚಲೇಬೇಕೆಂದು ವಿಧಿಸಿದ್ದಾರೆ. ನಮ್ಮ ತುಮಕೂರು ಚಿತ್ರದುರ್ಗ ಹೆದ್ದಾರಿಯ ೧೧೪ ಕಿಲೋಮೀಟರುಗಳು ಈ ನ್ಯಾಸದ ಆಸ್ತಿಯಲ್ಲಿ ಸೇರಿದ್ದವು. ಪಾಲೊಂದನ್ನು ೧೦೨ ರೂಪಾಯಿಗೆ ಮಾರಿದರು. ಮೊದಲಿಗೆ ಹತ್ತು ಲಕ್ಷಕ್ಕೆ ಕಡಿಮೆ ತೊಡಗಿಸುವವರಿಗೆ ಪ್ರವೇಶವೇ ಇರಲಿಲ್ಲ. ಸೆಬಿಯವರು ೨೦೧೯ರಲ್ಲಿ ಒಮ್ಮೆ, ೨೦೨೧ರಲ್ಲಿ ಮತ್ತೊಮ್ಮೆ ಈ ಮಿತಿಯನ್ನು ಇಳಿಸಿದ ಮೇಲೆ ಸಣ್ಣ ಊರುಗಳ ಜನರೂ ಕೊಳ್ಳತೊಡಗಿದರು. ಬೆಲೆ ಮಾತ್ರ ಮೊದಲಿನಿಂದ ಇಳಿಯುತ್ತಲೇ ಬಂದು, ಕರೋನಾದ ಕಾಲಕ್ಕೆ, ೨೦೨೦ರ ಮಾರ್ಚಿನಲ್ಲಿ, ದೇಶದ ಸುಂಕದ ಕಟ್ಟೆಗಳನ್ನೆಲ್ಲ ಮೂರು ವಾರಕ್ಕೂ ಹೆಚ್ಚು ಮುಚ್ಚಿದಾಗ ಮೂವತ್ತು ರೂಪಾಯಿಯ ಆಸುಪಾಸಿಗೆ ಬಿದ್ದಿತು. ಆಗ ಅಳುಕಿ ಮಾರಿದವರು ಕೆಟ್ಟರು, ಧೈರ್ಯ ಮಾಡಿ ಕೊಂಡವರು ಗೆದ್ದರು; ಏಕೆಂದರೆ ಹಂಚುವಿಕೆ ನಿಲ್ಲಲಿಲ್ಲ, ಬೆಲೆಯೂ ಚೇತರಿಸಿಕೊಂಡಿತು. ಆದರೆ ೧೦೨ಕ್ಕೆ ಮರಳಲಿಲ್ಲ.

ಮರಳದಿದ್ದುದಕ್ಕೆ ಒಂದು ಸಹಜವಾದ ಕಾರಣವಿದೆ. ಚನ್ನರಾಯಪಟ್ಟಣದ ವಾಚಕರಿಗಾಗಿ ಅದನ್ನು ತೆಂಗಿನ ತೋಟದ ಮಾತಿನಲ್ಲಿ ಹೇಳೋಣ. ಒಬ್ಬನು ಒಂದು ತೋಟವನ್ನು ಹದಿನೈದು ವರ್ಷದ ಮಟ್ಟಿಗೆ ಒಂದೂವರೆ ಲಕ್ಷ ರೂಪಾಯಿ ಕೊಟ್ಟು ಗುತ್ತಿಗೆಗೆ ಪಡೆದನೆನ್ನಿ. ಅವಧಿ ತೀರಿದ ಮೇಲೆ ತೋಟ ಯಜಮಾನನಿಗೆ ಹೋಗುತ್ತದೆ, ಕೊಟ್ಟ ಹಣ ಮರಳುವುದಿಲ್ಲ. ವರ್ಷಕ್ಕೆ ಹದಿನೈದು ಸಾವಿರ ಕೈಗೆ ಬರುತ್ತದೆ. "ನೂರಕ್ಕೆ ಹತ್ತು ಬಂತು" ಎಂದು ಅವನು ಸಂತೋಷಪಟ್ಟರೆ ನಾವು ನಗುತ್ತೇವೆ. ಬಂದ ಹದಿನೈದು ಸಾವಿರದಲ್ಲಿ ಹತ್ತು ಸಾವಿರ ಅವನು ಕೊಟ್ಟ ಒಂದೂವರೆ ಲಕ್ಷದ ಹದಿನೈದರಲ್ಲೊಂದು ಭಾಗ. ಗಳಿಕೆ ಉಳಿದ ಐದು ಸಾವಿರ ಮಾತ್ರ. ಚಕ್ರಬಡ್ಡಿಯ ಲೆಕ್ಕದಲ್ಲಿ ನೋಡಿದರೆ ಅವನಿಗೆ ದಕ್ಕಿದ್ದು ಸುಮಾರು ಶೇಕಡಾ ಐದೂವರೆ. ಅಷ್ಟನ್ನು ೨೦೨೦ರಲ್ಲಿ ಸ್ಟೇಟ್ ಬ್ಯಾಂಕಿನ ದೀರ್ಘಾವಧಿ ಠೇವಣಿಯೇ ಹೆಚ್ಚುಕಡಿಮೆ ಕೊಡುತ್ತಿದ್ದಿತು, ಮೂಲಧನವನ್ನೂ ಮರಳಿಸುತ್ತಿದ್ದಿತು. ಸುಂಕದ ರಸ್ತೆಯೂ ಇಂತಹ ಅವಧಿ ಗುತ್ತಿಗೆಯೇ. ಐ.ಆರ್.ಬಿ. ನ್ಯಾಸಕ್ಕೆ ಸೇರಿದ್ದ ಭರೂಚ್ ಸೂರತ್ ರಸ್ತೆಯ ಹಕ್ಕು ೨೦೨೨ರಲ್ಲಿ ತೀರಿತು. ಒಂದೊಂದು ರಸ್ತೆ ಕೈಬಿಟ್ಟಂತೆ ಪಾಲಿನ ಬೆಲೆ ಇಳಿಯುವುದು ನ್ಯಾಯವೇ. ಅದು ಕುಸಿತವಲ್ಲ, ಸವೆತ. ಇದನ್ನು ತಿಳಿದು ಕೊಂಡವನಿಗೆ ಮೋಸವಿಲ್ಲ. ಬಂದದ್ದನ್ನೆಲ್ಲ ಬಡ್ಡಿಯೆಂದು ತಿಳಿದು ಖರ್ಚು ಮಾಡುವವನು ಬಿತ್ತನೆ ಆಲೂಗಡ್ಡೆಯನ್ನು ಬೇಯಿಸಿ ತಿಂದ ರೈತನಂತೆ ಮುಂಗಾರಿನ ಹೊತ್ತಿಗೆ ಬರಿಗೈಯಾಗುತ್ತಾನೆ.

ಇನ್ನು ನಮ್ಮ ಹೆದ್ದಾರಿಯ ಮಧ್ಯದ ಭಾಗ. ಲಾರ್ಸೆನ್ ಕಂಪೆನಿಯು ಒಂದೇ ರಸ್ತೆಯನ್ನೋ ಒಂದೇ ಉದ್ಯಮವನ್ನೋ ನೆಚ್ಚಿದ್ದಲ್ಲವಾದ್ದರಿಂದ ಉಳಿಯಿತು. ಅಲ್ಲದೆ ಕಟ್ಟಿ ಮುಗಿಸಿದ್ದನ್ನು ಕೈಯಲ್ಲಿಟ್ಟುಕೊಂಡು ಸಾಲ ಹೊರುವ ಬದಲು ಮಾರಿ ಹಗುರಾಯಿತು. ದೇವಿಹಳ್ಳಿ ಹಾಸನ ರಸ್ತೆಯ ಹಕ್ಕು ೨೦೧೮ರಲ್ಲಿ ಇಂಡ್‌ಇನ್‌ಫ್ರಾವಿಟ್ ಎಂಬ ಖಾಸಗಿ ನ್ಯಾಸಕ್ಕೆ ಹೋಯಿತು. ಅದರ ಮುಖ್ಯ ಪಾಲುಗಾರರು ಯಾರು? ಕೆನಡಾ ದೇಶದ ಪಿಂಚಣಿ ನಿಧಿಯವರು, ಜರ್ಮನಿಯ ಅಲಿಯಾನ್ಸ್ ವಿಮಾ ಸಂಸ್ಥೆಯವರು. ಆ ಬಗೆಯ ಖಾಸಗಿ ನ್ಯಾಸದಲ್ಲಿ ಆಗ ಒಂದು ಕೋಟಿ ರೂಪಾಯಿಗೆ ಕಡಿಮೆ ತೊಡಗಿಸಲು ನಿಯಮದಲ್ಲಿ ಅವಕಾಶವಿರಲಿಲ್ಲ. ಶಾಂತಿಗ್ರಾಮದ ಕಟ್ಟೆಯಲ್ಲಿ ಸುಂಕ ತೆರುವ ಹಾಸನದ ಮೇಷ್ಟ್ರಿಗೆ ಆ ಸುಂಕದಲ್ಲಿ ಪಾಲು ಪಡೆಯುವ ಅವಕಾಶವಿಲ್ಲ, ಕೆನಡಾದ ಮೇಷ್ಟ್ರ ಪಿಂಚಣಿಗೆ ಇದೆ! ಪರದೇಶದ ಬಂಡವಾಳವನ್ನು ನಾವು ಹಳಿಯುತ್ತಿಲ್ಲ. ಅವರ ಪಿಂಚಣಿ ನಿಧಿಗಳು ಹತ್ತು ಮಂದಿ ಪರಿಣತರನ್ನಿಟ್ಟು ಲೆಕ್ಕ ಪರೀಕ್ಷಿಸಿ ಕೊಳ್ಳುತ್ತವೆ, ನೂರು ಕಡೆ ಹಂಚಿ ಇಡುತ್ತವೆ. ನಮ್ಮ ಮೇಷ್ಟ್ರು ಒಬ್ಬರೇ ನಿಂತು, ಕೈಗೆ ಸಿಕ್ಕಿದ ಉಳಿದ ಸರಕಿನಲ್ಲಿ, ಪಿಂಚಣಿಯ ಮೂರರಲ್ಲೊಂದು ಭಾಗವನ್ನು ಒಂದೇ ಕಡೆ ಹಾಕುತ್ತಾರೆ.

ಅವರನ್ನು ದುರಾಸೆಯವರೆಂದು ಜರೆಯುವುದು ಅನ್ಯಾಯ. ಬ್ಯಾಂಕಿನ ಬಡ್ಡಿ ಇಳಿದಾಗ ಬಡ್ಡಿಯಲ್ಲೇ ಜೀವನ ಸಾಗಿಸುವವನು ಏನು ಮಾಡಬೇಕು? ನೂರಕ್ಕೆ ಒಂದೆರಡು ಹೆಚ್ಚು ಸಿಗುವುದೆಂದು ಸಹಕಾರ ಬ್ಯಾಂಕಿಗೆ ಹೋದವರು ೨೦೨೦ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮುಂದೆ ಸಾಲುಗಟ್ಟಿ ನಿಂತು, ಮೂವತ್ತೈದು ಸಾವಿರಕ್ಕಿಂತ ಹೆಚ್ಚು ತೆಗೆಯಕೂಡದೆಂಬ ರಿಜರ್ವ್ ಬ್ಯಾಂಕಿನ ಆಜ್ಞೆಯನ್ನು ಓದಬೇಕಾಯಿತು. ಇದು ನಮ್ಮ ಕಾಲಕ್ಕೇ ಹುಟ್ಟಿದ ದುಃಖವೂ ಅಲ್ಲ; ೧೯೦೬ರಲ್ಲಿ ಮದರಾಸಿನ ಅರ್ಬತ್‌ನಾಟ್ ಕಂಪೆನಿ ಬಾಗಿಲು ಮುಚ್ಚಿದಾಗಲೂ ಹಾಳಾದವರಲ್ಲಿ ನೌಕರರು, ಪಿಂಚಣಿದಾರರು, ವಿಧವೆಯರು ಬಹುಮಂದಿ. ಆ ಕೇಡಿನಿಂದ ಎಚ್ಚೆತ್ತ ಮದರಾಸಿನ ಜನ ಮರುವರ್ಷವೇ ಇಂಡಿಯನ್ ಬ್ಯಾಂಕನ್ನು ಕಟ್ಟಿದರೆಂಬುದನ್ನೂ ಇಲ್ಲಿ ನೆನೆಯಬೇಕು.

ಈಗ ಮೇಷ್ಟ್ರ ಪ್ರಶ್ನೆಗೆ ಬರೋಣ. ಕೊಂಡ ಬೆಲೆ ಎಷ್ಟೆಂಬುದನ್ನು ಅವರು ಮರೆಯಬೇಕು. ನೂರು ಕೊಟ್ಟಿದ್ದೆವೆಂಬುದು ಅವರಿಗೆ ಗೊತ್ತು, ಷೇರಿಗೆ ಗೊತ್ತಿಲ್ಲ. "ಈಗ ಈ ಐವತ್ತು ನನ್ನ ಕೈಯಲ್ಲಿ ನಗದಾಗಿದ್ದರೆ ಈ ಕಂಪೆನಿಯನ್ನೇ ಕೊಳ್ಳುತ್ತಿದ್ದೆನೇ?" ಎಂದು ತಮ್ಮನ್ನು ತಾವೇ ಕೇಳಿಕೊಳ್ಳಲಿ. ಅಲ್ಲವೆಂದು ಉತ್ತರ ಬಂದರೆ ಇಟ್ಟುಕೊಳ್ಳುವುದಕ್ಕೆ ಅಭಿಮಾನವಲ್ಲದೆ ಬೇರೆ ಕಾರಣವಿಲ್ಲ. ಯಜಮಾನರು ಹೇಳಿದಂತೆ ಬಿದ್ದಾಗ ಇನ್ನಷ್ಟು ಕೊಂಡು ಸರಾಸರಿ ಇಳಿಸುವುದು, ಮಂಡಿಯಲ್ಲಿ ಬೇರೆ ವರಮಾನವಿರುವ ಯಜಮಾನರಿಗೆ ಒಂದು ಪಂದ್ಯವಾದೀತು. ಪಿಂಚಣಿಯ ಹೊರತು ಬೇರೆ ಆಧಾರವಿಲ್ಲದವರಿಗೆ ಅದು ಕೂಡದು. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ೨೦೨೩ರ ಏಪ್ರಿಲಿನಿಂದ ಶೇಕಡಾ ೮.೨ ಎಂದು ಗೊತ್ತುಮಾಡಿದರು. ಅದಕ್ಕಿಂತ ಹನ್ನೆರಡು ಹೆಚ್ಚು ಕೊಡುವೆನೆನ್ನುವವನು ಆ ಹನ್ನೆರಡಕ್ಕೆ ಬದಲಾಗಿ ಏನನ್ನು ಒತ್ತೆಯಿಡಿಸಿಕೊಳ್ಳುತ್ತಿದ್ದಾನೆಂಬುದನ್ನು ನಗದು ಹರಿವಿನ ಪುಟದಲ್ಲಿ ಹುಡುಕಿ, ಉತ್ತರ ಸಿಗದಿದ್ದರೆ ಹೊರಬರಬೇಕು. ಇಂಜಿನಿಯರು ಇದನ್ನು ಮೇಷ್ಟ್ರ ಮನೆಗೇ ಹೋಗಿ ಓದಿ ತಿಳಿಸುವುದಾಗಿ ಒಪ್ಪಿದ್ದಾರೆ. ವರದಿ ಇನ್ನೂರು ಪುಟಕ್ಕೂ ಮೇಲ್ಪಟ್ಟಿದೆ, ಒಂದು ಸಾಲೂ ಕನ್ನಡದಲ್ಲಿಲ್ಲ.

ನಮ್ಮ ಕೊನೆಯ ಆಕ್ಷೇಪ ಇಲ್ಲಿಯೇ ಇದೆ. ಕಂಪೆನಿಯು ಜನರಿಗೆ ಷೇರು ಮಾರಲು ಹೊರಟಾಗ ಒಂದು ಇಂಗ್ಲಿಷ್ ಪತ್ರಿಕೆ, ಒಂದು ಹಿಂದಿ ಪತ್ರಿಕೆ, ತನ್ನ ನೋಂದಾಯಿತ ಕಚೇರಿ ಇರುವ ಊರಿನ ಭಾಷೆಯ ಒಂದು ಪತ್ರಿಕೆ ಇವುಗಳಲ್ಲಿ ಜಾಹೀರಾತು ಕೊಡಬೇಕೆಂದು ಸೆಬಿಯ ನಿಯಮ. ಕಚೇರಿ ಹೈದರಾಬಾದಿನಲ್ಲಿದ್ದರೆ ತೆಲುಗಿನಲ್ಲಿ, ಮುಂಬಯಿಯಲ್ಲಿದ್ದರೆ ಮರಾಠಿಯಲ್ಲಿ. ರಸ್ತೆ ಇರುವುದು ಹಾಸನದಲ್ಲಿ, ಸುಂಕ ಕೊಡುವವರು ಕನ್ನಡಿಗರು, ಷೇರು ಕೊಳ್ಳುವವರಲ್ಲಿ ಕನ್ನಡಿಗರೂ ಸೇರಿದ್ದಾರೆ; ಆದರೆ ಅಪಾಯದ ಮಾತು ಕನ್ನಡದಲ್ಲಿ ಎಲ್ಲಿಯೂ ಅಚ್ಚಾಗುವುದಿಲ್ಲ. ಕಂಪೆನಿಯು ಯಾವ ಯಾವ ರಾಜ್ಯಗಳಲ್ಲಿ ಕಾಮಗಾರಿ ನಡೆಸುತ್ತದೆಯೋ ಆ ಆ ರಾಜ್ಯಗಳ ಭಾಷೆಯಲ್ಲಿ ಎರಡು ಪುಟದ ಒಂದು ಹೇಳಿಕೆಯನ್ನು ಪ್ರತಿವರ್ಷವೂ ಅಚ್ಚುಹಾಕಿಸಬೇಕೆಂದು ನಿಯಮವನ್ನು ತಿದ್ದುವುದು ಸೆಬಿಯವರಿಗೆ ಅಸಾಧ್ಯವೇನಲ್ಲ. ಕೈಗೆ ಬಂದ ನಗದು, ಹಂಚಿದ ನಗದು, ಹಂಚಿದ್ದರಲ್ಲಿ ಮೂಲಧನದಿಂದ ಮರಳಿಸಿದ ಭಾಗ, ಸಾಲ, ಬಾಕಿ ಬಿಲ್ಲು, ಪ್ರತಿ ರಸ್ತೆಯ ಹಕ್ಕು ತೀರುವ ವರ್ಷ: ಆ ಎರಡು ಪುಟಗಳಲ್ಲಿ ಇಷ್ಟು ಇದ್ದರೆ ಸಾಕು. ಹಾಸನದ ಲೋಕಸಭಾ ಸದಸ್ಯರೂ ನಾಲ್ಕು ತಾಲ್ಲೂಕುಗಳ ಶಾಸಕರೂ ಶಾಂತಿಗ್ರಾಮದ ಸುಂಕದ ದರದ ವಿಷಯವಾಗಿ ಹೆದ್ದಾರಿ ಪ್ರಾಧಿಕಾರಕ್ಕೆ ಬರೆಯುವಾಗ, ಇದರ ವಿಷಯವಾಗಿ ಹಣಕಾಸಿನ ಮಂತ್ರಿಗಳಿಗೂ ಒಂದು ಪತ್ರ ಬರೆಯಲೆಂದು ಕೇಳಿಕೊಳ್ಳುತ್ತೇವೆ.